ಆಮ್ಲ ಕಡಿಮೆಯಾದ ಹೊಟ್ಟೆಯೂ ಉರಿಯುತ್ತದೆ: ನಾನು ಸಂಭಾಳಿಸಿಕೊಂಡ ಬಗೆ

ಕಲಬುರಗಿಯ ಶಹಾಬಜಾರದ ನಮ್ಮ ಮನೆಯಲ್ಲಿ ಬೆಳಗಿನ ನಾಲ್ಕಕ್ಕೆ ಹಂಚು ಕಾಯುತ್ತದೆ. ನಾನು ಮತ್ತು ಇನ್ನೂ ಮೂವರು ಹೆಣ್ಣುಮಕ್ಕಳು ಸೇರಿ ದಿನಕ್ಕೆ ನಾನೂರು ಜೋಳದ ರೊಟ್ಟಿ ಬಡಿಯುತ್ತೇವೆ. ಮದುವೆ ಸೀಸನ್ ಬಂದರೆ ಸಾವಿರ ದಾಟುತ್ತದೆ. ಹದಿನೆಂಟು ವರ್ಷ ಒಲೆಯ ಮುಂದೆ ಕೂತವಳಿಗೆ ಉರಿ ಹೊಸದಲ್ಲ. ಆದರೂ ಎದೆಗೂಡಿನ ಕೆಳಗೆ, ಹೊಕ್ಕುಳಿನ ಮೇಲೆ, ಅಂಗೈ ಅಗಲದ ಜಾಗದಲ್ಲಿ ಹತ್ತಿದ ಉರಿ ಯಾತರದು ಎಂದು ತಿಳಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ಮೊದಲು ಔಷಧ ಅಂಗಡಿಯಲ್ಲಿ ಕೇಳಿದೆ. "ಆಸಿಡಿಟಿ ಅದ ಅಕ್ಕಾರ, ಮುಂಜಾನಿ ಖಾಲಿ ಹೊಟ್ಟಿಲೆ ಒಂದ್ ಗುಳಗಿ ತಗೋರಿ" ಅಂದರು. ಅದು ಪ್ಯಾಂಟೊಪ್ರಜೋಲ್, ಹೊಟ್ಟೆಯ ಆಮ್ಲ ತಗ್ಗಿಸುವ ಗುಳಿಗೆ. ಒಂದು ತಿಂಗಳು ಹಗುರ ಅನ್ನಿಸಿತು. ಆಮೇಲೆ ಉರಿ ಮತ್ತೆ ಬಂತು, ನಾನು ದಿನಕ್ಕೆ ಎರಡು ನುಂಗಿದೆ. ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. ಕೈಬೆರಳು ನೋವಿಗೆ ನೋವಿನ ಗುಳಿಗೆ ಬೇರೆ, ಅದೂ ಅದೇ ಅಂಗಡಿಯಿಂದ.

ಅಷ್ಟರಲ್ಲಿ ಮೈಯಲ್ಲಿ ಬೇರೆ ಬೇರೆ ತ್ರಾಸು ಶುರುವಾಗಿದ್ದವು. ಒಂದಕ್ಕೊಂದು ಸಂಬಂಧವಿದೆ ಎಂದು ನನಗೆ ಹೊಳೆಯಲಿಲ್ಲ. ಅರ್ಧ ರೊಟ್ಟಿಗೆ ಹೊಟ್ಟೆ ತುಂಬಿ ಕಲ್ಲಿನಂತಾಗುತ್ತಿತ್ತು. ಉಂಡ ಎರಡು ತಾಸಿನ ಮೇಲೂ ಬೇಳೆಯ ವಾಸನೆಯ ತೇಗು. ನಾಲಿಗೆ ಕೆಂಪಗೆ ನುಣ್ಣಗಾಗಿ ಬಿಸಿ ಚಹಾ ತಾಗಿದರೆ ಸುಡುತ್ತಿತ್ತು. ಪಾದದಲ್ಲಿ ಜುಮ್ಮು. ರೊಟ್ಟಿ ಒಣಗಿಸಲು ಮಾಳಿಗೆ ಏರಿದರೆ ಏದುಸಿರು. ಥೈರಾಯ್ಡ್ ಗುಳಿಗೆ 75 ಮೈಕ್ರೊಗ್ರಾಂನಿಂದ 125ಕ್ಕೆ ಏರಿದರೂ ರಿಪೋರ್ಟ್ ಸರಿಹೋಗುತ್ತಿರಲಿಲ್ಲ.

ಕೊನೆಗೆ ಒಬ್ಬ ಹೊಟ್ಟೆ ರೋಗದ ಡಾಕ್ಟರು ನಾಲಿಗೆ ಚಾಚಲು ಹೇಳಿ, ಸುಮ್ಮನೆ ನೋಡಿ, "ನಿಮ್ಮ ಗುಳಗಿ ಎಲ್ಲಾ ಇಲ್ಲಿ ಸುರುವ್ರಿ" ಅಂದರು. ಚೀಲ ಬಗ್ಗಿಸಿದೆ. ರಕ್ತ ಪರೀಕ್ಷೆ ಮಾಡಿಸಿದರು: ಹಿಮೋಗ್ಲೋಬಿನ್ 8.6, ಬಿ12 104. ಆ ಪ್ರಯೋಗಾಲಯದ ಚೀಟಿಯಲ್ಲಿ ಬಿ12 ಕನಿಷ್ಠ 200 ಇರಬೇಕು ಎಂದಿತ್ತು. ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಹೊಟ್ಟೆಯ ಒಳಗೋಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆಮ್ಲ ತಯಾರಿಸುವ ಒಳಪದರವೇ ಸವೆದಿತ್ತು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಜೀವಕೋಶಗಳ ಮೇಲೆ ತಿರುಗಿಬಿದ್ದು ಹೀಗಾಗುತ್ತದಂತೆ. ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು ಕಾಣುತ್ತದೆ. ನನ್ನ ಹೊಟ್ಟೆಯಲ್ಲಿ ಮೊದಲೇ ಆಮ್ಲ ಅಷ್ಟಕ್ಕಷ್ಟೆ, ಅದರ ಮೇಲೆ ನಾನು ದಿನಕ್ಕೆರಡು ಗುಳಿಗೆ ನುಂಗಿ ಉಳಿದದ್ದನ್ನೂ ತಗ್ಗಿಸುತ್ತಿದ್ದೆ.

ಈ ಕಥೆಯನ್ನು ನಮ್ಮ ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಮುಂದೆ ಹೇಳಿದೆ. ಅವರಲ್ಲಿ ಒಬ್ಬಾಕೆಗೆ ಡಾಕ್ಟರೇ ಬರೆದುಕೊಟ್ಟ ಅದೇ ಬಗೆಯ ಗುಳಿಗೆ ನಡೆದಿತ್ತು. "ಅಕ್ಕಾಗ ಗುಳಗಿಯಿಂದ ತ್ರಾಸ ಆಗ್ಯಾದ" ಅಂತ ಆಕೆ ಮರುದಿನವೇ ನಿಲ್ಲಿಸಿಬಿಟ್ಟಳು. ನಾಲ್ಕನೇ ದಿನ ಹಿಟ್ಟಿನ ಕೈಯಲ್ಲೇ ಎದೆ ಹಿಡಿದು ಕೂತಳು. ಆಕೆಯದು ನಿಜವಾಗಿಯೂ ಆಮ್ಲ ಮೇಲೆ ನುಗ್ಗುವ ತೊಂದರೆ. ತಿಂಗಳುಗಟ್ಟಲೆ ತಗೊಂಡ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಹೊಟ್ಟೆ ಕೆಲವು ವಾರ ಮೊದಲಿಗಿಂತ ಹೆಚ್ಚು ಆಮ್ಲ ಸುರಿಸುತ್ತದೆ. ನನ್ನ ಮಾತು ಆಕೆಗೆ ಹಾಗೆ ತಾಗಿತಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ. ಅದಕ್ಕೇ ಇದನ್ನು ಅರ್ಧಕ್ಕೆ ಬಿಡದೆ ಪೂರ್ತಿ ಬರೆಯುತ್ತಿದ್ದೇನೆ. ದಯವಿಟ್ಟು ಅರ್ಧ ಓದಿ ಗುಳಿಗೆ ಬಿಡಬೇಡಿ.

ಆಮ್ಲ ಕಡಿಮೆಯಾದರೆ ಉರಿ ಯಾಕೆ

ನಾನು ಡಾಕ್ಟರಿಗೆ ಮೊದಲು ಕೇಳಿದ್ದೇ ಇದು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಆರೋಗ್ಯವಾಗಿರುವ ಹೊಟ್ಟೆಯ ರಸ ಪಿಎಚ್ 1.5ರಿಂದ 3.5ರಷ್ಟು ಹುಳಿ, ಹೆಚ್ಚೂಕಮ್ಮಿ ನಿಂಬೆರಸದಷ್ಟು. ಆ ಹುಳಿ ಇದ್ದರೆ ಮಾತ್ರ ಬೇಳೆ, ಮೊಟ್ಟೆಯ ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಎಂಬ ಕಿಣ್ವ ಕೆಲಸಕ್ಕೆ ಇಳಿಯುತ್ತದೆ. ಆಹಾರದ ಬಿ12 ಬಿಡಿಸಿಕೊಳ್ಳಲು, ಕಬ್ಬಿಣದ ಅಂಶ ಕರಗಲು ಅದೇ ಬೇಕು. ನೀರು, ಆಹಾರದ ಜೊತೆ ಬಂದ ರೋಗಾಣುಗಳನ್ನು ಬಾಗಿಲಲ್ಲೇ ಕೊಲ್ಲುವುದೂ ಅದೇ. ಹುಳಿ ಕಡಿಮೆಯಾದಾಗ ಊಟ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲಬಹುದು, ಬ್ಯಾಕ್ಟೀರಿಯಾ ಬೆಳೆದು ಗಾಳಿ ತುಂಬಬಹುದು. ಉಬ್ಬಿದ ಹೊಟ್ಟೆ ಒಳಗಿದ್ದದ್ದನ್ನು ಮೇಲಕ್ಕೆ ಒತ್ತುತ್ತದೆ. ಉರಿಯೂತವಾದ ಗೋಡೆಗೆ ಆಮ್ಲವೇ ಬೇಕೆಂದಿಲ್ಲ, ಹಸಿಮೆಣಸಿನಕಾಯಿ ತಾಗಿದರೂ ಸಾಕು. ಉರಿ ಒಂದೇ ಥರ, ಹುಟ್ಟುವ ಜಾಗ ಬೇರೆ.

ಕಾರಣಗಳೂ ಬೇರೆ ಬೇರೆ. ನನ್ನದು ಒಂದು ಬಗೆ. ಇನ್ನೊಂದು, ಎಚ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ವರ್ಷಾನುಗಟ್ಟಲೆ ಹೊಟ್ಟೆಯಲ್ಲಿ ಕೂತು ಒಳಪದರ ಸವೆಸುವುದು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ಡಾಕ್ಟರು 1984ರಲ್ಲಿ ಈ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು ನೋಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಆ ವಾಂತಿಯಲ್ಲಿ ಹುಳಿಯೇ ಇರಲಿಲ್ಲ. 2005ರಲ್ಲಿ ಅವರಿಗೂ ಜೊತೆಗಾರ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. ಈ ರೋಗಾಣುವಿಗೆ ಆಂಟಿಬಯೋಟಿಕ್ ಇದೆ. ಮೂರನೆಯದು ಆಮ್ಲ ತಗ್ಗಿಸುವ ಗುಳಿಗೆಯನ್ನೇ ಬಹಳ ಕಾಲ ತಗೊಳ್ಳುವುದು. ವಯಸ್ಸಾದವರಲ್ಲಿ ಒಳಪದರ ಸವೆದಿರುವುದೂ ಹೆಚ್ಚು ಕಾಣುತ್ತದೆ, ಹೊಟ್ಟೆಯ ಭಾಗ ತೆಗೆದ ಆಪರೇಷನ್ ಆದಮೇಲೂ ಆಮ್ಲ ತಗ್ಗುತ್ತದೆ.

ಹಾಗೆಂದು ಉರಿ ಬಂದವರೆಲ್ಲರದೂ ಇದೇ ಅಲ್ಲ. ಆಮ್ಲ ಮೇಲೆ ಬರುವುದು, ಹುಣ್ಣು, ಪಿತ್ತಕೋಶದ ಕಲ್ಲು ಎಲ್ಲಕ್ಕೂ ಬಾಯಿಮಾತಿನಲ್ಲಿ "ಹೊಟ್ಟಿ ಉರೀತದ" ಅಂತಲೇ ಹೇಳುತ್ತೇವೆ. ಉರಿಯ ರುಚಿ ನೋಡಿ ಯಾವುದೆಂದು ಹೇಳಲು ಆಗುವುದಿಲ್ಲ. ನನಗೂ ಆಗಲಿಲ್ಲ.

ಮೊದಲು ಬರೆದಿಡಿ

ದವಾಖಾನೆಗೆ ಹೋಗುವ ಮೊದಲು ಎರಡು ವಾರ ಬರೆದಿಡಿ. ನಾನು ರೊಟ್ಟಿ ಆರ್ಡರ್ ಬರೆಯುವ ವಹಿಯ ಹಿಂದಿನ ಹಾಳೆಯಲ್ಲೇ ಬರೆದೆ: ಎಷ್ಟು ಗಂಟೆಗೆ ಏನು ಉಂಡೆ, ಎಷ್ಟು ನಿಮಿಷಕ್ಕೆ ಉರಿ ಬಂತು, ಮಲಗಿದ್ದೆನೋ ಕೂತಿದ್ದೆನೋ, ಯಾವ ಗುಳಿಗೆ ನುಂಗಿದ್ದೆ. ಅದರಿಂದ ನನಗೆ ತಿಳಿದದ್ದು: ಹಸಿಖಾರ ತಿಂದರೆ ಇಪ್ಪತ್ತು ನಿಮಿಷದೊಳಗೆ ಉರಿ, ಒಣಮೆಣಸಿನ ಖಾರ ಚಿಟಿಕೆಯಷ್ಟಾದರೆ ಏನೂ ಇಲ್ಲ. ಖಾಲಿ ಹೊಟ್ಟೆಯ ಮೂರನೇ ಚಹಾ ಆದಮೇಲೆ ತಪ್ಪದೆ ಉರಿ. ನೋವಿನ ಗುಳಿಗೆ ತಗೊಂಡ ದಿನ ಸಂಜೆಗೆ ಹೆಚ್ಚು. ನಿಮ್ಮದು ಬೇರೆ ಇರುತ್ತದೆ, ಅದಕ್ಕೇ ನಿಮ್ಮದೇ ಬರೆಯಬೇಕು.

ಡಾಕ್ಟರ ಹತ್ತಿರ ಹೋಗುವಾಗ ಎಲ್ಲ ಗುಳಿಗೆಯ ಸ್ಟ್ರಿಪ್ಪುಗಳನ್ನು, ಆಯುರ್ವೇದದ ಪುಡಿಯನ್ನೂ ಸೇರಿಸಿ, ಒಯ್ಯಿರಿ. "ಇದೇ ಪರೀಕ್ಷೆ ಬರೀರಿ" ಎಂದು ಹಟ ಮಾಡಬೇಡಿ, ಆದರೆ ಕೇಳಲು ಅಂಜಬೇಡಿ: ರಕ್ತದ ಪೂರ್ತಿ ಎಣಿಕೆ, ಬಿ12, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ನೋಡಬೇಕೆ? ಎಚ್ ಪೈಲೊರಿಗೆ ಉಸಿರಿನ ಅಥವಾ ಮಲದ ಪರೀಕ್ಷೆ ಬೇಕೆ? ಎಂಡೋಸ್ಕೋಪಿ ಮಾಡಿದರೆ ಚೂರು ತೆಗೆಯುತ್ತೀರಾ? ನನಗೆ ಆಮೇಲೆ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನೂ ನೋಡಿದರು. ಆಮ್ಲ ಕಡಿಮೆಯಾದಾಗ ಅದು ರಕ್ತದಲ್ಲಿ ಏರುತ್ತದೆ. ಆದರೆ ಆಮ್ಲ ತಗ್ಗಿಸುವ ಗುಳಿಗೆ ತಗೊಂಡರೂ ಏರುತ್ತದೆ. ಉಸಿರಿನ ಪರೀಕ್ಷೆಯಲ್ಲಿ ಅದೇ ಗುಳಿಗೆ ಇರುವ ರೋಗಾಣುವನ್ನು ಮರೆಮಾಡಬಹುದು, ಅದಕ್ಕೆ ಸಾಮಾನ್ಯವಾಗಿ ಎರಡು ವಾರ ಮೊದಲು ನಿಲ್ಲಿಸಲು ಹೇಳುತ್ತಾರೆ. ಪರೀಕ್ಷೆಗೆ ಮುಂಚೆ ಯಾವುದನ್ನು, ಎಷ್ಟು ದಿನ ಬಿಡಬೇಕು ಎಂಬುದನ್ನು ಡಾಕ್ಟರ ಬಾಯಿಂದಲೇ ಕೇಳಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರಿಗೆ ಹೊಟ್ಟೆಯ ಗುಳಿಗೆಯನ್ನು ರಕ್ತಸ್ರಾವ ಆಗದಿರಲೆಂದು ಕೊಟ್ಟಿರುತ್ತಾರೆ. ಅವರಂತೂ ಸ್ವಂತ ಬುದ್ಧಿಯಿಂದ ಒಂದು ದಿನವೂ ಬಿಡಬಾರದು.

ಮನೆಯಲ್ಲಿ ಸೋಡಾ ಪುಡಿ ಕುಡಿದು ಎಷ್ಟು ನಿಮಿಷಕ್ಕೆ ತೇಗು ಬರುತ್ತದೆ ಎಂದು ಅಳೆಯುವ ಪರೀಕ್ಷೆಯೊಂದು ಮೊಬೈಲಿನಲ್ಲಿ ಓಡಾಡುತ್ತಿದೆ. ನಂಬಬೇಡಿ, ಅದರಿಂದ ಆಮ್ಲದ ಲೆಕ್ಕ ಸಿಗುವುದಿಲ್ಲ. ಬಿಪಿ ಇರುವವರಿಗೆ ಆ ಉಪ್ಪಿನಂಶ ಬೇರೆ ಹೊರೆ. ನನ್ನ ಅಳಿಯ ಪ್ರೀತಿಯಿಂದಲೇ ಸೇಬಿನ ವಿನಿಗರ್ ಬಾಟಲಿ ತಂದುಕೊಟ್ಟ, "ಅತ್ತಿ, ಆಮ್ಲ ಕಮ್ಮಿ ಅದ ಅಂದ್ರ ಹುಳಿ ಕುಡಿಬೇಕ್ರಿ" ಅಂದ. ಡಾಕ್ಟರಿಗೆ ಕೇಳಿದೆ. ಉರಿಯೂತದ ಗೋಡೆಗೆ ಹುಳಿ ಸುರಿದರೆ ಉರಿ ಹೆಚ್ಚಬಹುದು, ಹಲ್ಲಿನ ಹೊಳಪು ಪದರವೂ ಕರಗುತ್ತದೆ ಅಂದರು. ಆಮ್ಲದ ಕ್ಯಾಪ್ಸೂಲ್ ಕೂಡ ಸಿಗುತ್ತವೆ. ಒಳಗೆ ಹುಣ್ಣು ಇದ್ದವರು, ನೋವಿನ ಗುಳಿಗೆ ತಗೊಳ್ಳುವವರು ಅದನ್ನು ನುಂಗಿದರೆ ಅಪಾಯ, ಮತ್ತು ಹುಣ್ಣು ಇದೆಯೋ ಇಲ್ಲವೋ ನಿಮಗೆ ಹೊರಗಿನಿಂದ ಗೊತ್ತಾಗುವುದಿಲ್ಲ. ಬಾಟಲಿ ಹಾಗೇ ಇದೆ, ಹಿತ್ತಾಳೆ ಪಾತ್ರೆ ಬೆಳಗಲು ಬಳಸುತ್ತೇನೆ.

ಉರಿ ಬಂದ ಗಳಿಗೆಯಲ್ಲಿ

ಮಲಗಬೇಡಿ. ನೆಟ್ಟಗೆ ಕೂತು ಸೀರೆಯ ನೆರಿಗೆ, ಲಂಗದ ಲಾಡಿ ಸಡಿಲಿಸಿ. ಉಗುರುಬೆಚ್ಚಗಿನ ನೀರು ನಾಲ್ಕೈದು ಗುಟುಕು, ಚೊಂಬುಗಟ್ಟಲೆ ಅಲ್ಲ. ಆಮೇಲೆ ಹತ್ತು ನಿಮಿಷ ಅಂಗಳದಲ್ಲಿ ನಿಧಾನಕ್ಕೆ ಅಡ್ಡಾಡಿ. ಬಗ್ಗಿ ಹಿಟ್ಟು ನಾದುವ ಕೆಲಸ ಆ ಹೊತ್ತಿಗೆ ಬೇರೆಯವರಿಗೆ ಬಿಡಿ. ನಾನು ಎದ್ದು ರೊಟ್ಟಿ ಎಣಿಸುವ ಕೆಲಸ ಹಿಡಿಯುತ್ತೇನೆ. ಗೋಲಿ ಸೋಡಾ ಕುಡಿದರೆ ತೇಗು ಬಂದು ಹಗುರ ಅನ್ನಿಸುತ್ತದೆ, ಆದರೆ ಗಾಳಿ ತುಂಬಿ ಅರ್ಧ ತಾಸಿಗೆ ಮತ್ತೆ ಅದೇ ಪಾಡು. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ತಾಸು ಅಂತರ ಇಟ್ಟಿದ್ದೇನೆ. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ, ಸುಮಾರು ಆರು ಇಂಚು ಎತ್ತರ. ದಿಂಬು ಪೇರಿಸಿದರೆ ಕುತ್ತಿಗೆಯಷ್ಟೇ ಬಾಗುತ್ತದೆ, ಹೊಟ್ಟೆ ಮಡಚಿ ಇನ್ನೂ ಒತ್ತುತ್ತದೆ. ಎಡ ಮಗ್ಗುಲಿಗೆ ಮಲಗಿದರೆ ಇನ್ನೂ ಒಳ್ಳೆಯದು.

ಇಲ್ಲಿಯೇ ಇನ್ನೊಂದು ಮಾತು. ಉರಿಯ ಜೊತೆ ಬೆವರು, ಉಸಿರಾಟದ ತೊಂದರೆ, ದವಡೆ ಅಥವಾ ಎಡಗೈಗೆ ಹರಿಯುವ ನೋವು ಇದ್ದರೆ ಅದು ಹೊಟ್ಟೆಯದಲ್ಲ, ಹೃದಯದ್ದಿರಬಹುದು. ಗ್ಯಾಸ್ ಎಂದು ಕೂರದೆ 108ಕ್ಕೆ ಕರೆ ಮಾಡಿ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಹಾಗೆಯೇ ಡಾಂಬರಿನಂಥ ಕಪ್ಪು ಮಲ, ರಕ್ತ ಅಥವಾ ಕಾಫಿಪುಡಿಯಂಥ ವಾಂತಿ ಆದರೆ ಆ ಕ್ಷಣವೇ ದವಾಖಾನೆ. ನುಂಗಲು ಅಡ್ಡಿ, ಕಾರಣವಿಲ್ಲದೆ ತೂಕ ಇಳಿಯುವುದು, ನಿಲ್ಲದ ವಾಂತಿ, ರಕ್ತ ಕಡಿಮೆಯಾಗುವುದು ಇದ್ದರೆ ಮನೆಮದ್ದಿನ ದಾರಿ ಹಿಡಿಯದೆ ಬೇಗ ತೋರಿಸಿ.

ಊಟ

ನಮ್ಮ ಕಡೆ ಖಾರ ಬಿಡಿ ಅಂದರೆ ಊಟವನ್ನೇ ಬಿಡಿ ಅಂದ ಹಾಗೆ. ಅದಕ್ಕೆ ನಾನು ಬಿಡುವುದಕ್ಕಿಂತ ಬದಲಿಸುವುದನ್ನು ಹೇಳುತ್ತೇನೆ.

ಮೊದಲು ನನ್ನ ದಿನ ಹೀಗಿತ್ತು: ನಾಲ್ಕರಿಂದ ಹನ್ನೊಂದರವರೆಗೆ ಬರೀ ಚಹಾ, ಐದು ಕಪ್. ಹನ್ನೊಂದಕ್ಕೆ ಮೂರು ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಕಚ್ಚಿಕೊಳ್ಳಲು ಮೆಣಸಿನಕಾಯಿ. ಸಂಜೆ ಸೂಸಲದ ಜೊತೆ ಮಿರ್ಚಿ ಭಜಿ. ರಾತ್ರಿ ಹತ್ತಕ್ಕೆ ಮತ್ತೆ ಮೂರು ರೊಟ್ಟಿ. ಆಮ್ಲ ಕಡಿಮೆ ಇರುವ ಹೊಟ್ಟೆಗೆ ಒಮ್ಮೆಲೇ ಅಷ್ಟು ಹೇರಿದರೆ ಅದು ಏನು ಮಾಡೀತು.

ಈಗ ಎದ್ದ ಕೂಡಲೇ ನೀರಿನ ಜೊತೆ ಥೈರಾಯ್ಡ್ ಗುಳಿಗೆ. ಒಂದು ತಾಸು ಬಿಟ್ಟು, ಮೊದಲ ಐವತ್ತು ರೊಟ್ಟಿ ಆದ ಮೇಲೆ, ಒಂದು ಬಟ್ಟಲು ಜೋಳದ ಅಂಬಲಿ. ಜೀರಿಗೆ ಪುಡಿ, ಅಂದಿನದೇ ಹುಳಿಯಾಗದ ಮಜ್ಜಿಗೆ. ಎಂಟೂವರೆಗೆ ಒಂದು ಮೆತ್ತನೆಯ ರೊಟ್ಟಿ, ಹೆಸರುಬೇಳೆ. ಮಧ್ಯಾಹ್ನ ಒಂದೂವರೆ ರೊಟ್ಟಿ, ಬೇಳೆ, ಚೆನ್ನಾಗಿ ಬೆಂದ ಸೊಪ್ಪು. ಸಂಜೆ ಒಂದು ಬೇಯಿಸಿದ ಮೊಟ್ಟೆ ಅಥವಾ ಬಾಳೆಹಣ್ಣು. ಏಳಕ್ಕೆ ಜೋಳದ ನುಚ್ಚು, ಸಾರು. ಐದು ಸಲ, ಸ್ವಲ್ಪ ಸ್ವಲ್ಪ.

ತೊಗರಿಬೇಳೆ ಬಿಡಬೇಕಿಲ್ಲ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಬೇಗ ಬೇಯುವ ಬೇಳೆ ಎಂಬ ಹೆಸರೂ ಇದಕ್ಕಿದೆ. ಆದರೂ ನಾನು ತಾಸು ನೆನೆಸಿ, ಎರಡು ಸೀಟಿ ಹೆಚ್ಚೇ ಹಾಕಿ, ಕಡೆಗೋಲಿನಿಂದ ಕಡೆದು, ಕಾಳು ಕಾಣದ ಹಾಗೆ ಮಾಡುತ್ತೇನೆ. ಹೊಟ್ಟೆ ಮಾಡಬೇಕಾದ ಕೆಲಸವನ್ನು ಸ್ವಲ್ಪ ಒಲೆಯೇ ಮಾಡಲಿ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಸಾಕು, ಎಣ್ಣೆ ತೇಲಿದಷ್ಟೂ ಊಟ ಹೊಟ್ಟೆಯಿಂದ ಇಳಿಯುವುದು ತಡ. ಕಡಕ್ ರೊಟ್ಟಿ ಮುರಿದು ಬಿಸಿ ಬೇಳೆಯಲ್ಲಿ ಹತ್ತು ನಿಮಿಷ ನೆನೆಹಾಕಿದರೆ ಮೆತ್ತಗಾಗುತ್ತದೆ. ಮುಟಗಿಗೆ ಬೆಳ್ಳುಳ್ಳಿ, ಖಾರದ ಬದಲು ತುಪ್ಪ, ಜೀರಿಗೆ, ಉಪ್ಪು ಹಾಕಿ ಕುಟ್ಟುತ್ತೇನೆ. ಮೊಮ್ಮಗಳು ಈಗ ಅದನ್ನೇ ಕೇಳುತ್ತಾಳೆ. ತುತ್ತನ್ನು ಅಗಿಯುವುದು ಎಲ್ಲಕ್ಕಿಂತ ಕಷ್ಟದ ಅಭ್ಯಾಸವಾಯಿತು. ಹಂಚಿನ ಮೇಲೆ ರೊಟ್ಟಿ ಇಟ್ಟು ಉಣ್ಣುವವರು ನುಂಗುತ್ತಾರೆ, ಅಗಿಯುವುದಿಲ್ಲ. ಹಾಗಾಗಿ ಒಲೆ ಆರಿಸಿ ಕೂತು ಉಣ್ಣುವ ಪದ್ಧತಿ ಮಾಡಿದೆವು, ನಾಲ್ವರೂ ಕೂಡಿ.

ಚಹಾ ಎರಡೇ ಕಪ್, ಅದೂ ಹೊಟ್ಟೆಗೆ ಏನಾದರೂ ಬಿದ್ದ ಮೇಲೆ. ಕಬ್ಬಿಣದ ಗುಳಿಗೆ ನಡೆದಿದ್ದಾಗ ಅದಕ್ಕೂ ಚಹಾಕ್ಕೂ ಎರಡು ತಾಸು ದೂರ ಇಟ್ಟಿದ್ದೆ, ಚಹಾ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಬೇಳೆಗೆ ಊಟದ ಹೊತ್ತಿಗೆ ಹಿಂಡಿದ ನಿಂಬೆ ನನಗೆ ಸಹಿಸುತ್ತದೆ, ಕಬ್ಬಿಣ ಹೀರಲು ಸಹಾಯವೂ ಆಗುತ್ತದೆ. ನಿಮಗೆ ಉರಿದರೆ ಬಿಡಿ. ಕ್ಯಾಲ್ಸಿಯಂ ಗುಳಿಗೆ ತಗೊಳ್ಳುವವರು ಅದು ಕಾರ್ಬೊನೇಟೋ ಸಿಟ್ರೇಟೋ ಎಂದು ನೋಡಿ ಡಾಕ್ಟರಿಗೆ ಕೇಳಿ. ಕಾರ್ಬೊನೇಟ್ ಕರಗಲು ಆಮ್ಲ ಬೇಕು, ಸಿಟ್ರೇಟಿಗೆ ಅಷ್ಟು ಬೇಡ.

ನೀರಿನ ವಿಷಯ ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ, ಏಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಆಮ್ಲ ನಮ್ಮ ಕಾವಲುಗಾರ. ಅದು ಕಡಿಮೆಯಾದವರಿಗೆ ಬೇರೆಯವರು ಅರಗಿಸಿಕೊಂಡ ನೀರೇ ಭೇದಿ ತರಬಹುದು. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿ, ಟ್ಯಾಂಕರ್ ನೀರು ಬರುವ ದಿನಗಳಲ್ಲಿ ನಾನು ಎರಡು ಸಲ ಹಾಗೆ ಮಲಗಿದೆ. ಈಗ ಕುಡಿಯುವ ನೀರು ಕುದಿಸಿಯೇ ಕುಡಿಯುತ್ತೇನೆ, ಬಾಟಲಿ ನನ್ನ ಜೊತೆಗೇ ಇರುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಹೆಚ್ಚಿಟ್ಟ ಕಲ್ಲಂಗಡಿ, ಮಂಜುಗಡ್ಡೆ ಹಾಕಿದ ಕಬ್ಬಿನ ಹಾಲು ಬೇಡ ಅನ್ನುತ್ತೇನೆ. ನಿನ್ನೆಯ ಪುಂಡಿಪಲ್ಯ ಎಷ್ಟು ರುಚಿಯಾದರೂ ಕುದಿ ಬಾರದೆ ತಟ್ಟೆಗೆ ಬರುವುದಿಲ್ಲ.

ಔಷಧದ ಲೆಕ್ಕ ಚುಟುಕು. ನನ್ನ ಬಗೆಯ ಸವೆತಕ್ಕೆ ಕಳೆದುಹೋದ ಆಮ್ಲ ಮರಳಿ ತರುವ ಮದ್ದಿಲ್ಲ. ಬಿ12 ಸೂಜಿ ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು, ಜೀವನಪೂರ್ತಿ. ಪಾದದ ಜುಮ್ಮು ಕಡಿಮೆಯಾಗಲು ಐದು ತಿಂಗಳು ಬೇಕಾಯಿತು. ತಡಮಾಡಿದರೆ ನರದ ಹಾನಿ ಉಳಿದೇಬಿಡಬಹುದು ಎಂದರು. ಹಿಮೋಗ್ಲೋಬಿನ್ ಈಗ 11.9. ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸಲು ಹೇಳಿದ್ದಾರೆ, ಸವೆದ ಒಳಪದರದಲ್ಲಿ ಗಡ್ಡೆ ಬೆಳೆಯುವ ಸಾಧ್ಯತೆ ಇರುವುದರಿಂದ. ನೋವಿನ ಗುಳಿಗೆ ಪೂರ್ತಿ ಬಿಟ್ಟೆ; ಬೆರಳಿಗೆ ಬಿಸಿನೀರಿನ ಕಾವು. ನನ್ನ ಜೊತೆಗಾರ್ತಿಗೆ ಡಾಕ್ಟರು ಗುಳಿಗೆ ಮತ್ತೆ ಶುರುಮಾಡಿ, ದಿನಕ್ಕೊಂದರಿಂದ ದಿನ ಬಿಟ್ಟು ದಿನಕ್ಕೆ, ಹೀಗೆ ಎರಡು ತಿಂಗಳಲ್ಲಿ ಇಳಿಸಿದರು.

ಉರಿ ಪೂರ್ತಿ ಹೋಯಿತೇ ಎಂದು ಕೇಳುತ್ತಾರೆ. ಇಲ್ಲ. ವಾರಕ್ಕೊಂದು ಸಲ ಬರುತ್ತದೆ, ಹೆಚ್ಚಾಗಿ ಆರ್ಡರ್ ಗಡಿಬಿಡಿಯಲ್ಲಿ ಊಟ ತಪ್ಪಿಸಿದ ದಿನ. ಮೊದಲಿನ ಹಾಗೆ ರಾತ್ರಿ ಎಬ್ಬಿಸುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ಜೇವರ್ಗಿ ಕಡೆಯ ತಮ್ಮನ ಹೊಲಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಕಾಳು, ತರಕಾರಿ, ಸೊಪ್ಪು ಕೂಡಿಸಿ ರಾತ್ರಿಯೇ ಬೇಯಿಸಿಟ್ಟ ಭಜ್ಜಿ ಪಲ್ಯವನ್ನು ಮಧ್ಯಾಹ್ನ ಹೊಲದಲ್ಲಿ ಉಣ್ಣುವುದು ನಮ್ಮ ಪದ್ಧತಿ. ಹೋದ ಸಲ ತಮ್ಮನ ಹೆಂಡತಿ ಬುಟ್ಟಿಯಿಂದ ಬೇರೆ ಡಬ್ಬಿ ತೆಗೆದು, "ಖಾರ ಹಾಕೋಕಿಂತ ಮೊದ್ಲೇ ನಿಮ್ಮದು ಬ್ಯಾರೆ ತಗದೀನ್ರಿ ವೈನಿ, ಇಲ್ಲೇ ಮತ್ತೊಮ್ಮಿ ಕುದಿಸ್ತೀನಿ" ಅಂದು ಬನ್ನಿಗಿಡದ ಕೆಳಗೆ ಮೂರು ಕಲ್ಲು ಹೂಡಿದಳು. ಒಂದು ಸಜ್ಜೆ ರೊಟ್ಟಿ, ಬಿಸಿ ಭಜ್ಜಿ, ಅರ್ಧ ಶೇಂಗಾ ಹೋಳಿಗೆ. ಉಂಡವರೆಲ್ಲ ನೆರಳಿಗೆ ಅಡ್ಡಾದರು. ನಾನು ಚರಗ ಚೆಲ್ಲಿದ ಬದುವಿನ ಮೇಲೆ ಹೊಲದ ಸುತ್ತ ಒಂದು ಸುತ್ತು ನಡೆದು ಬಂದೆ.